ನನ್ನ ಬದಲು ಉತ್ತರ ಕೊಟ್ಟವರು

ಅಡುಗೆಮನೆಯ ಮೇಜಿನಿಂದ
೧೪ನೇ ತಾರೀಖು, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಬಾಣಂತನದ ಭರದಲ್ಲಿ ನಿನ್ನ ಊಟ ಮರೆಯಬೇಡ. ಅಕ್ಕನ ಕೂಸು ಈಗಲಾದರೂ ರಾತ್ರಿ ಮಲಗುತ್ತದೆಯೇ? ಇಲ್ಲಿ ಇವತ್ತು ಕಾಫಿಗೆಂದು ಕೈ ಚಾಚಿದರೆ ಗಾಜಿನ ಲೋಟಗಳೆಲ್ಲ ನನಗೆಟುಕದ ಮೇಲಿನ ಹಲಗೆಗೆ ಏರಿ ಕೂತಿದ್ದವು. ಕೆಳಗೆ ಬರೀ ಸ್ಟೀಲಿನವು. ಅತ್ತೆಯದೇ ಕೆಲಸ.

ಫಿಟ್ಸ್ ಮತ್ತೆ ಬಂತಮ್ಮಾ. ನಾಲ್ಕು ವರ್ಷ ಸುಮ್ಮನಿದ್ದದ್ದು, ಕಳೆದ ವಾರ ಅತ್ತೆಯ ಕಣ್ಣೆದುರೇ. ಗಾಬರಿಯಾಗಬೇಡ, ನಾಲಿಗೆ ಕಚ್ಚಿಕೊಂಡದ್ದು ಬಿಟ್ಟರೆ ಪೆಟ್ಟೇನೂ ಇಲ್ಲ. ಅತ್ತೆಯೇ ನನ್ನನ್ನು ಮಗ್ಗುಲಿಗೆ ಹೊರಳಿಸಿ, ತಲೆಯಡಿ ತಮ್ಮ ಶಾಲು ಇಟ್ಟರಂತೆ. ಮದುವೆಗೆ ಮುಂಚೆ ನೀನು ಮುಚ್ಚಿಟ್ಟದ್ದೆಲ್ಲ ಹೊರಬಿತ್ತು. ಅವರು ಕೊಂಕು ಮಾತೊಂದೂ ಆಡಲಿಲ್ಲ.

ನನಗೆ ಸಿಟ್ಟು ಬಂದಿರುವುದು ಬೇರೆ ಕಾರಣಕ್ಕೆ. ಸದ್ಯಕ್ಕೆ ಮಗು ಬೇಡವೆಂದು ಗರ್ಭನಿರೋಧಕ ಮಾತ್ರೆ ಕೇಳಲು ನೀನೂ ನಾನೂ ಹೆಂಗಸರ ಡಾಕ್ಟರ ಹತ್ತಿರ ಹೋಗಿದ್ದೆವಲ್ಲ, "ಬೇರೆ ಮಾತ್ರೆ ಏನಾದ್ರೂ ತಗೋತೀಯಾ?" ಎಂದು ಅವರು ಕೇಳಿದ್ದು ನನ್ನನ್ನು. ನಾನು ಬಾಯಿ ತೆರೆಯುವ ಮೊದಲೇ ನೀನು, "ಏನಿಲ್ಲ ಡಾಕ್ಟ್ರೇ, ತಲೆನೋವಿಗೆ ಯಾವಾಗ್ಲಾದ್ರೂ ಒಂದು" ಎಂದೆ. ನನ್ನ ಫಿಟ್ಸ್ ಮಾತ್ರೆಯ ವಿಷಯ ನಾಲ್ಕು ಜನಕ್ಕೆ ಗೊತ್ತಾದೀತೆಂಬ ಅದೇ ಹಳೇ ಭಯ.

ಮೊನ್ನೆ ನರದ ಡಾಕ್ಟರ ಮುಂದೆ ಅತ್ತೆ ಪಕ್ಕದಲ್ಲಿದ್ದರು. ಕೆಲವು ಗರ್ಭನಿರೋಧಕ ಮಾತ್ರೆಗಳು ನನ್ನ ಫಿಟ್ಸ್ ಮಾತ್ರೆಯ ಪ್ರಮಾಣವನ್ನು ರಕ್ತದಲ್ಲಿ ಇಳಿಸಿಬಿಡುತ್ತವಂತೆ. ಅಂಥದ್ದೇನಾದರೂ ಶುರು ಮಾಡಿದ್ದೀಯಾ ಎಂದು ಡಾಕ್ಟರು ಕೇಳಿದರು. ಅತ್ತೆ ನಕ್ಕರು: "ಅಯ್ಯೋ, ಮೊಮ್ಮಗು ಯಾವಾಗ ಅಂತ ಕಾಯ್ತಾ ಇದೀವಿ, ಅದೆಲ್ಲ ಯಾಕೆ ತಗೋತಾಳೆ!" ಡಾಕ್ಟರೂ ನಕ್ಕು, ಫಿಟ್ಸ್ ಮಾತ್ರೆಯನ್ನೇ ಹೆಚ್ಚಿಸಿ ಬರೆದರು. ನಾನು ಚೀಲದ ದಾರ ಬೆರಳಿಗೆ ಸುತ್ತುತ್ತಾ ಕೂತಿದ್ದೆ. ದಿನವಿಡೀ ಪ್ರೆಸ್ಸಿನಲ್ಲಿ ಬೇರೆಯವರ ವಾಕ್ಯ ತಿದ್ದುವವಳಿಗೆ ತನ್ನದೊಂದು ವಾಕ್ಯ ಹೊರಡಲಿಲ್ಲ. "ನೀನೇ ಹೇಳ್ಬಾರ್ದಿತ್ತಾ?" ಎನ್ನುತ್ತಾರೆ ನಿನ್ನ ಅಳಿಯ. ಹೇಳಲು ಬಿಟ್ಟವರು ಯಾರು? ಒಬ್ಬ ಡಾಕ್ಟರಿಗೆ ಅರ್ಧ ನಾನು, ಇನ್ನೊಬ್ಬರಿಗೆ ಉಳಿದರ್ಧ. ನೆಲಕ್ಕೆ ಬಿದ್ದದ್ದು ಮಾತ್ರ ಇಡೀ ನಾನು, ಅಮ್ಮಾ.

ಇಷ್ಟು ಬರೆದ ಮೇಲೆ ನಿನ್ನ ಮೇಲಿನ ಸಿಟ್ಟು ಕೊಂಚ ಇಳಿದಿದೆ, ಪೂರ್ತಿ ಅಲ್ಲ. ಅಕ್ಕನನ್ನು ಕೇಳಿದೆನೆಂದು ಹೇಳು, ಕೂಸಿಗೆ ಒಂದು ಮುತ್ತು.

ನಿನ್ನ
ಚಿಕ್ಕವಳು

ಮರೆತಿದ್ದೆ: ನಾಳೆ ರಜೆ ಹಾಕಿದ್ದೇನೆ. ಎರಡೂ ಮಾತ್ರೆಗಳನ್ನು ಒಂದೇ ಚೀಲಕ್ಕೆ ಹಾಕಿಕೊಂಡು ಮೊದಲು ನರದ ಡಾಕ್ಟರು, ಆಮೇಲೆ ಹೆಂಗಸರ ಡಾಕ್ಟರು. ಅವರು ಹೇಳುವ ತನಕ ನಾನಾಗಿ ಯಾವುದನ್ನೂ ನಿಲ್ಲಿಸುವುದಿಲ್ಲ, ಹೆದರಬೇಡ. ಅತ್ತೆ ಜೊತೆಗೆ ಬರುತ್ತಾರಂತೆ. ಬರಲಿ, ಹೊರಗಿನ ಬೆಂಚಿನವರೆಗೆ.