ಬಾಗಿಲು ಯಾವುದು ಮಿಸ್?

ಮನೆ, ಊಟದ ಮೇಜಿನಿಂದ
ಫೆಬ್ರವರಿ 9, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮೊಣಕಾಲು ಮಾತು ಕೇಳುತ್ತಿದೆಯೋ ಇನ್ನೂ ಮುನಿಸಿಕೊಂಡೇ ಇದೆಯೋ? ಡಾಕ್ಟರು ಕೊಟ್ಟ ಪಟ್ಟಿಯನ್ನು ಕಾಲಿಗೆ ಕಟ್ಟಿಕೊಳ್ಳುತ್ತಿದ್ದೀಯೋ ಅಥವಾ ಅಂಗಡಿಯಲ್ಲಿ ಬಟ್ಟೆಯ ಗಂಟಿಗೆ ಬಿಗಿದಿಟ್ಟಿದ್ದೀಯೋ? ನಿನ್ನನ್ನು ನಾನು ಬಲ್ಲೆ, ಅದಕ್ಕೇ ಕೇಳುತ್ತಿದ್ದೇನೆ. ಸ್ವಲ್ಪ ದಿನ ಹೊಲಿಗೆ ಮಿಷನ್ ತುಳಿಯುವುದನ್ನು ಆ ಕೆಲಸದ ಹೆಂಗಸಿಗೇ ಬಿಟ್ಟು ನೀನು ಕತ್ತರಿ ಹಿಡಿದು ಕೂತಲ್ಲೇ ದರ್ಬಾರು ಮಾಡು. ನಾನು ಆರಾಮ. ಮಾತ್ರೆ ತಪ್ಪಿಸಿಲ್ಲ, ಉಪ್ಪು ಕಡಿಮೆ ಮಾಡಿದ್ದೇನೆ, ಅಡುಗೆ ಬಾಯಿಗಿಡುವ ಹಾಗಿಲ್ಲ.

ಫೋನ್ ಇರುವಾಗ ಕಾಗದ ಯಾಕೆ, ಇವಳಿಗೇನು ತಲೆ ಕೆಟ್ಟಿದೆಯಾ ಎನ್ನುತ್ತೀಯ. ಫೋನಿನಲ್ಲಿ ನನ್ನ ಮಾತು ಮುಗಿಯುವುದಕ್ಕೆ ನೀನೆಲ್ಲಿ ಬಿಡುತ್ತೀಯ? ನಾನು ಬಾಯಿ ತೆರೆಯುವಷ್ಟರಲ್ಲಿ "ಗೊತ್ತು ಬಿಡು" ಎಂದು ಮುಂದಿನ ವಿಷಯಕ್ಕೆ ಹಾರಿರುತ್ತೀಯ. ಪಕ್ಕದ ಮನೆಯ ಡ್ರೈವರ್ ಸಂಜೆ ನಿಮ್ಮ ಊರಿಗೆ ಗಾಡಿ ಒಯ್ಯುತ್ತಾರಂತೆ, ಅವರ ಕೈಗೆ ಕೊಡುತ್ತೇನೆ. ಬೆಳಗ್ಗೆಯಿಂದ ಬರೆಯಲು ಕೂರುತ್ತಿದ್ದೇನೆ, ಏಳುತ್ತಿದ್ದೇನೆ. ಈ ನಾಲ್ಕು ಸಾಲು ಬರೆಯುವುದರೊಳಗೆ ಒಮ್ಮೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಹೋಗಿ ನೋಡಿದೆ. ಇನ್ನೊಮ್ಮೆ ಎದ್ದದ್ದು ಯಾಕೆಂದು ಅಡುಗೆ ಕೋಣೆಗೆ ಹೋದ ಮೇಲೂ ನೆನಪಾಗಲಿಲ್ಲ. ಮೈಯಲ್ಲಿ ಇರುವೆ ಬಿಟ್ಟ ಹಾಗಾಗಿದೆ.

ನಿನಗೆ ನನ್ನಿಂದ ಬೇಕಾಗಿರುವುದು ಒಂದೇ ಉತ್ತರ, ಅದು ನನಗೆ ಗೊತ್ತು. ಅಂಗಡಿಯ ಮೇಲಿನ ಕೋಣೆಗೆ ಬಣ್ಣ ಹೊಡೆಸಿದ್ದೀಯ, ಕಿಟಕಿಗೆ ಪರದೆ ಹೊಲಿದಿದ್ದೀಯ. "ನಿನ್ನ ಒಳ್ಳೇದಕ್ಕೇ ಹೇಳ್ತಿರೋದು ಕಣೆ, ಈ ವರ್ಷದ ಪರೀಕ್ಷೆ ಮುಗಿಸಿ ಬಂದುಬಿಡು, ಆ ಸ್ಕೂಲಿನವರು ನಿನ್ನ ಪ್ರಾಣ ತೆಗೀತಾರೆ" ಎಂದು ಪ್ರತಿ ಸಲವೂ ಹೇಳುತ್ತೀಯ. ಭಾವ ಹೋದ ಮೇಲೆ ನೀನು ಒಬ್ಬಳೇ, ನಾನಂತೂ ಮೊದಲಿನಿಂದಲೂ ಒಬ್ಬಳೇ. ನಿವೃತ್ತಿಗೆ ಇನ್ನೆರಡು ವರ್ಷ ಇದೆ, ಮೊದಲೇ ಬಿಡುವುದಕ್ಕೂ ಅವಕಾಶ ಇದೆ. ಕಳೆದ ತಿಂಗಳು ನಾನೂ "ಹೆಚ್ಚುಕಡಿಮೆ ಬಂದ ಹಾಗೇ ತಿಳ್ಕೋ" ಎಂದಿದ್ದೆ. ಚಿಕ್ಕವಳಿದ್ದಾಗಿನಿಂದ ನೀನು ಹೋದಲ್ಲೆಲ್ಲ ಬಂದವಳು ನಾನು. ಅಪ್ಪ ನನ್ನನ್ನು ಕರೆಯುತ್ತಿದ್ದದ್ದೇ ನಿನ್ನ ಬಾಲ ಎಂದು. ಅಂಥವಳಿಗೆ ಬರುತ್ತೇನೆ ಎನ್ನುವುದಕ್ಕೆ ಇಷ್ಟೊಂದು ಒದ್ದಾಟ ಯಾಕೆ ಎಂದು ನೀನು ಕೇಳಬಹುದು. ಹೇಳುತ್ತೇನೆ, ಮೊದಲಿನಿಂದ ಹೇಳಿದರೇ ನನಗೆ ಸರಿಹೋಗುವುದು.

ನನ್ನ ತರಗತಿಯ ಕರಿಹಲಗೆಯ ಅರ್ಧಕ್ಕೆ ದೊಡ್ಡ ಸ್ಕ್ರೀನ್ ಜಡಿದಿದ್ದಾರೆಂದು ಹೇಳಿದ್ದೆನಲ್ಲ. ಮಕ್ಕಳ ಕೈಗೆ ಒಂದೊಂದು ಟ್ಯಾಬ್, ನನ್ನ ಕೈಗೂ ಒಂದು. ನಾನು ಅದರಲ್ಲಿ ಬರೆದದ್ದು ಸ್ಕ್ರೀನಿನಲ್ಲಿ ಬರುತ್ತದೆ, ಅವರು ಒತ್ತಿದ್ದು ನನಗೆ ಬರುತ್ತದೆ. ಇದನ್ನೆಲ್ಲ ನಮಗೆ ಕಲಿಸುವವರು ಯಾರು ಗೊತ್ತೇ? ನಮ್ಮ ಪಿ.ಟಿ. ಮೇಷ್ಟ್ರು! ಆಟದ ಅಂಕಗಳನ್ನು ಫೋನಿನಲ್ಲೇ ಲೆಕ್ಕ ಇಡುತ್ತಿದ್ದರೆಂದು ಹೆಡ್ ಮೇಡಂ ಈ ಕಿರೀಟವನ್ನು ಅವರ ತಲೆಗೆ ಇಟ್ಟಿದ್ದಾರೆ. ಸ್ಟಾಫ್ ರೂಮಿನಲ್ಲಿ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ "ಬೆರಳು ಮೇಲೆ! ಒತ್ತಿ! ಬಿಡಿ!" ಎಂದು ಕವಾಯತು ಮಾಡಿಸುತ್ತಾರೆ. ನಾನು ಕಾಲಿಂಗ್ ಬೆಲ್ ಒತ್ತಿದ ಹಾಗೆ ಒತ್ತುತ್ತೇನಂತೆ. ಮೊದಲ ವಾರ ಅಭ್ಯಾಸಬಲದಿಂದ ಒದ್ದೆ ಬಟ್ಟೆ ತಂದು ಸ್ಕ್ರೀನ್ ಒರೆಸಿಬಿಟ್ಟೆ, ಮೇಷ್ಟ್ರು ಕಾರಿಡಾರಿನಿಂದಲೇ ಸೀಟಿ ಊದಿದರು. ಮಕ್ಕಳು ಬಿದ್ದು ಬಿದ್ದು ನಕ್ಕವು. ಈಗಲೂ ಪಾಠ ಮುಗಿಸಿ ಹೊರಗೆ ಬಂದು ಕೈ ಕೊಡವಿಕೊಳ್ಳುತ್ತೇನೆ, ಕೈಯಲ್ಲಿ ಸೀಮೆಸುಣ್ಣದ ಪುಡಿಯೇ ಇರುವುದಿಲ್ಲ.

ಅವಮಾನ ಆಗಲಿಲ್ಲ ಎಂದರೆ ಸುಳ್ಳು. ನನ್ನ ಪಾಠ ಕೇಳಲು ಪಕ್ಕದ ತರಗತಿಯವರು ಬಾಗಿಲಲ್ಲಿ ನಿಲ್ಲುತ್ತಿದ್ದ ಕಾಲವೊಂದಿತ್ತು ಅಕ್ಕಾ. ಸಮೀಕರಣದ ಪಾಠವಂತೂ ನನ್ನ ಹೆಸರಿಗೇ ಅಂಟಿಕೊಂಡಿದೆ. ಸಮ ಚಿಹ್ನೆ ಒಂದು ಬಾಗಿಲು, ಈ ಕಡೆ ಇರುವ ಸಂಖ್ಯೆ ಆ ಕಡೆ ಹೋಗಬೇಕಾದರೆ ವೇಷ ಬದಲಾಯಿಸಬೇಕು, ಕೂಡುವುದಿದ್ದದ್ದು ಕಳೆಯುವುದಾಗಬೇಕು. ಇಷ್ಟು ಹೇಳಿ ನಾನು ಕನ್ನಡಕ ಹಾಕಿಕೊಂಡು ತರಗತಿಯ ಬಾಗಿಲು ದಾಟಿ, ಕನ್ನಡಕ ತೆಗೆದು ಬೇರೆಯವಳ ಹಾಗೆ ಮುಖ ಮಾಡಿಕೊಂಡು ಒಳಗೆ ಬರುತ್ತೇನೆ. ಮಕ್ಕಳು ಹೋ ಎನ್ನುತ್ತವೆ. "ಅರ್ಥ ಆಯ್ತಾ?" ಎನ್ನುತ್ತೇನೆ. "ಆಯ್ತುಊ ಮಿಸ್" ಎಂದು ಇಡೀ ತರಗತಿ ರಾಗ ಎಳೆಯುತ್ತದೆ. ಆ ರಾಗ ಕೇಳಿದರೆ ನನಗೆ ಹೊಟ್ಟೆ ತುಂಬಿದ ಹಾಗೆ. ಅದನ್ನು ಕೇಳಿಕೊಂಡೇ ಕೆಲಸ ಬಿಡೋಣ, ಈ ಒತ್ತು-ಬಿಡು ನಮ್ಮಂಥವರಿಗಲ್ಲ ಎಂದುಕೊಂಡಿದ್ದೆ.

ಶುಕ್ರವಾರ ಹೆಡ್ ಮೇಡಂ ನನ್ನ ತರಗತಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಸ್ಕ್ರೀನ್ ಬಳಸಿ ಪಾಠ ಮಾಡುತ್ತೇವೋ ಇಲ್ಲವೋ ಎಂದು ಎಲ್ಲರದ್ದನ್ನೂ ನೋಡುತ್ತಿದ್ದಾರೆ. ಯಾರಿಗೆ ಆಗುವುದಿಲ್ಲವೋ ಅವರಿಗೆ ಮುಂದಿನ ವರ್ಷ ತರಗತಿಯನ್ನೇ ಕೊಡುವುದಿಲ್ಲವಂತೆ, ಲೈಬ್ರರಿಗೆ ಹಾಕುತ್ತಾರಂತೆ. ನಾನು ಹೇಗೂ ಹೊರಡುವವಳು, ಆದರೂ ಸೋತು ಹೊರಟೆ ಅನ್ನಿಸಿಕೊಳ್ಳಬಾರದಲ್ಲ. ಹಾಗಾಗಿ ಜಾಣತನ ಮಾಡಿದೆ. ನನ್ನ ಬಾಗಿಲಿನ ಪಾಠವನ್ನೇ ಎತ್ತಿಕೊಂಡೆ. ಕನ್ನಡಕದ ನಾಟಕ ಆಯಿತು, ಮಕ್ಕಳು ನಕ್ಕವು, ಮೇಡಂ ಕೂಡ ನಕ್ಕರು. ಕೊನೆಗೆ ಟ್ಯಾಬಿನಿಂದ ಮಕ್ಕಳಿಗೆ ಒಂದು ಪ್ರಶ್ನೆ ಕಳಿಸಬೇಕು, ಅವರು ಒತ್ತಿದ ಉತ್ತರ ಸ್ಕ್ರೀನಿನಲ್ಲಿ ಎದ್ದು ಬರಬೇಕು, ಅದೇ ಪರೀಕ್ಷೆ. ಸುಲಭದ್ದೇ ಇರಲಿ ಎಂದು "ಅರ್ಥ ಆಯ್ತಾ? ಹೌದು, ಇಲ್ಲ" ಎಂದು ಬರೆದು ಕಳಿಸಿದೆ. ನೂರಕ್ಕೆ ನೂರು ಗ್ಯಾರಂಟಿ ಇರುವ ಪ್ರಶ್ನೆ ಅದಲ್ಲದೆ ಇನ್ಯಾವುದು?

ಇಲ್ಲೇ ನಾನು ಎಡವಿದ್ದು. ಕಳಿಸುವ ಮುಂಚೆ 'ಹೆಸರು ತೋರಿಸು' ಎಂಬುದನ್ನು ಒತ್ತಬೇಕೆಂದು ಮೇಷ್ಟ್ರು ಕವಾಯತಿನಲ್ಲಿ ಬಡಕೊಂಡಿದ್ದರು. ಗಾಬರಿಯಲ್ಲಿ ಮರೆತೆ. ಮಕ್ಕಳ ಟ್ಯಾಬಿನಲ್ಲಿ 'ನಿಮ್ಮ ಹೆಸರು ಯಾರಿಗೂ ಕಾಣುವುದಿಲ್ಲ' ಎಂದು ಬಂದಿದೆ, ನನಗೆ ಗೊತ್ತೇ ಇಲ್ಲ. ಮಕ್ಕಳೆಲ್ಲ ಟ್ಯಾಬಿನ ಮೇಲೆ ಬಗ್ಗಿದವು. ಆಮೇಲೆ ಸ್ಕ್ರೀನಿನಲ್ಲಿ ಎರಡು ಪಟ್ಟಿಗಳು ಏಳತೊಡಗಿದವು. 'ಹೌದು' ಎಂಬ ಪಟ್ಟಿ ಸ್ವಲ್ಪ ಎದ್ದು ನಿಂತುಬಿಟ್ಟಿತು. 'ಇಲ್ಲ' ಮಾತ್ರ ಏರಿತು, ಏರಿತು, ಏರುತ್ತಲೇ ಹೋಯಿತು. ಮುಕ್ಕಾಲು ತರಗತಿ ಅಕ್ಕಾ! ಎದುರಿಗೆ ಅದೇ ಮಕ್ಕಳು, ಅದೇ ನಗುಮುಖ. ಯಂತ್ರ ಕೆಟ್ಟಿದೆ ಎಂದುಕೊಂಡು ಬಾಯಿಬಿಟ್ಟು ಕೇಳಿದೆ. "ಅರ್ಥ ಆಯ್ತಲ್ವಾ?" "ಆಯ್ತುಊ ಮಿಸ್." ಸ್ಕ್ರೀನಿನಲ್ಲಿ 'ಇಲ್ಲ' ಹಾಗೇ ನಿಂತಿತ್ತು.

ಮೊದಲು ಬಂದದ್ದು ಸಿಟ್ಟು. ಕಳ್ಳ ಮುಂಡೇವು, ಇಷ್ಟು ದಿನ ನನ್ನ ಮುಖಕ್ಕೆ ಸುಳ್ಳು ಹೇಳಿದವಾ ಎನ್ನಿಸಿತು. ಹಿಂದಿನ ಬೆಂಚಿನ ಕಡೆ ನೋಡುವ ಧೈರ್ಯ ಇರಲಿಲ್ಲ. ಏನು ಮಾಡಬೇಕೆಂದು ತೋಚದೆ, ಎಲ್ಲಿ ಅರ್ಥ ಆಗಲಿಲ್ಲ ಬರೀರಿ ಎಂದು ಇನ್ನೊಂದು ಪ್ರಶ್ನೆ ಕಳಿಸಿದೆ. ಮೊದಲು ಬಂದ ಸಾಲು ಇದು: "ಬಾಗಿಲು ಯಾವುದು ಮಿಸ್?" ಅದರ ಕೆಳಗೆ ಇನ್ಯಾರೋ, "ವೇಷ ಯಾಕೆ ಬದಲಾಯಿಸಬೇಕು, ಹಾಗೇ ಹೋದ್ರೆ ಏನಾಗುತ್ತೆ?" ಮತ್ತೊಂದು ಮಗು, "ಕನ್ನಡಕ ಚೆನ್ನಾಗಿತ್ತು, ಲೆಕ್ಕ ಗೊತ್ತಾಗಲಿಲ್ಲ." ನಾನು ಮತ್ತೆ ಮೇಲಿನಿಂದ ಓದಿದೆ. ಯಾಕೆಂದರೆ ಆ ಎರಡನೆಯದು ಎಷ್ಟು ಒಳ್ಳೆಯ ಪ್ರಶ್ನೆ ನೋಡು! ಹಾಗೇ ಹೋದರೆ ಏನಾಗುತ್ತದೆ? ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಕೇಳುವುದು ಹೇಗೆ ಹೇಳು, ನಾನು 'ಅರ್ಥ ಆಯ್ತಾ' ಎನ್ನುವಾಗಲೇ ಒಂದು ಕೈಯಲ್ಲಿ ಹಲಗೆ ಒರೆಸುತ್ತಿದ್ದೆನಲ್ಲ.

ಬೆಲ್ ಆಯಿತು. ಹೆಡ್ ಮೇಡಂ ಹತ್ತಿರ ಬಂದು ಬಹಳ ಹೊತ್ತು ಸ್ಕ್ರೀನನ್ನೇ ನೋಡಿದರು. ಬಯ್ಯುತ್ತಾರೆ ಎಂದುಕೊಂಡೆ. "ನಿಮ್ಮ ಕ್ಲಾಸೇ ಹೀಗಾದ್ರೆ ಉಳಿದವರದ್ದು ಏನು ಕಥೆ ಮಿಸ್" ಎಂದರು, ಮುಖ ಸಪ್ಪಗಿತ್ತು. ಆಮೇಲೆ, ಮುಂದಿನ ವರ್ಷ ಇರ್ತೀರಾ, ಹೊರಡ್ತೀರಾ, ಈಗಲೇ ಗೊತ್ತಾದ್ರೆ ಒಳ್ಳೇದು ಎಂದರು. ನಾನು ಏನೋ ಹೇಳಿದೆ. ಅದನ್ನು ಆಮೇಲೆ ಬರೆಯುತ್ತೇನೆ, ಮೊದಲು ಶನಿವಾರದ್ದು ಕೇಳು.

ಶನಿವಾರ ತರಗತಿಗೆ ಹೋಗಿ, ಬಾಗಿಲು ಇಲ್ಲವೇ ಇಲ್ಲ ಕಣ್ರೋ, ಅದನ್ನು ಮರೆತುಬಿಡಿ ಎಂದೆ. ಯಾವ ಸಂಖ್ಯೆಯೂ ಎಲ್ಲಿಗೂ ಹೋಗುವುದಿಲ್ಲ. ಎರಡೂ ಕಡೆ ಸಮ ಇದೆ, ಈ ಕಡೆಯಿಂದ ಮೂರು ತೆಗೆದರೆ ಆ ಕಡೆಯಿಂದಲೂ ಮೂರು ತೆಗೆಯಲೇಬೇಕು, ಇಲ್ಲದಿದ್ದರೆ ಸಮ ಎಲ್ಲಿ ಉಳಿಯಿತು? ಎರಡು ಬೆಂಚಿನವರಿಗೆ ಸಮವಾಗಿ ಪೆನ್ಸಿಲ್ ಹಂಚಿ, ತೆಗೆದು, ಮತ್ತೆ ಹಂಚಿ, ಅವರ ಕೈಯಲ್ಲೇ ಮಾಡಿಸಿದೆ. ನಾಟಕವಿಲ್ಲ, ನಗುವಿಲ್ಲ. ತರಗತಿ ಎಷ್ಟು ಸುಮ್ಮನಿತ್ತೆಂದರೆ ನನಗೇ ಹೆದರಿಕೆಯಾಯಿತು. ಮತ್ತೆ ಹೆಸರಿಲ್ಲದ ಪ್ರಶ್ನೆ ಕಳಿಸಿದೆ, ಈ ಸಲ ಬೇಕೆಂದೇ. 'ಹೌದು' ದೊಡ್ಡದಾಗಿ ಎದ್ದಿತು. ಒಂದು ತಲೆಹರಟೆ "ಮೊದಲೇ ಹೀಗೆ ಹೇಳಬಾರದಿತ್ತಾ ಮಿಸ್" ಎಂದು ಬರೆದಿತ್ತು. ಓದಿ ನಗು ಬಂತು, ಕಣ್ಣಲ್ಲಿ ನೀರೂ ಬಂತು, ಎರಡನ್ನೂ ಕನ್ನಡಕ ಒರೆಸುವ ನೆಪದಲ್ಲಿ ಮುಚ್ಚಿಕೊಂಡೆ.

ಆದರೆ 'ಇಲ್ಲ' ಪೂರ್ತಿ ಹೋಗಿಲ್ಲ ಅಕ್ಕಾ. ಕೆಲವರು ಇನ್ನೂ ಉಳಿದಿದ್ದಾರೆ. ಯಾರೆಂದು ಗೊತ್ತಿಲ್ಲ. ಮುಖ ನೋಡಿದರೆ ಸಾಕು, ಮಗುವಿಗೆ ತಿಳಿಯಿತೋ ಇಲ್ಲವೋ ಹೇಳುತ್ತೇನೆ ಎಂದು ಜಂಬ ಕೊಚ್ಚುತ್ತಿದ್ದವಳು ನಿನ್ನೆ ಒಂದೊಂದು ಮುಖವನ್ನೂ ನೋಡಿದೆ, ಎಲ್ಲವೂ ನಗುತ್ತಿದ್ದವು. ಅವರಿಗೆ ಇನ್ನು ಹೇಗೆ ಹೇಳಲಿ ಎಂಬುದೇ ತಲೆಯಲ್ಲಿ ಗಿರಕಿ ಹೊಡೆಯುತ್ತಿದೆ. ಬೆಳಗ್ಗೆ ಪಾತ್ರೆ ತೊಳೆಯುತ್ತಾ ಲೋಟಗಳನ್ನೇ ಎರಡು ಸಾಲು ಮಾಡಿ ಜೋಡಿಸಿ ನೋಡಿದೆ. ನೀನಿದ್ದಿದ್ದರೆ ಹಣೆ ಚಚ್ಚಿಕೊಳ್ಳುತ್ತಿದ್ದೆ. ನನಗೋ, ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದ್ದ ಹಾಗೆ ಎದೆ ಹೊಡೆದುಕೊಳ್ಳುತ್ತಿದೆ. ಇದು ಸಂತೋಷವೋ ಸಂಕಟವೋ ಹೇಳಲಾರೆ. ಸೋಮವಾರ ಯಾವಾಗ ಆಗುತ್ತದೋ ಎಂದು ಭಾನುವಾರವನ್ನು ಬಯ್ಯುತ್ತಾ ಕೂತಿದ್ದೇನೆ.

ಡ್ರೈವರ್ ಗಾಡಿ ಒರೆಸುತ್ತಿರುವುದು ಕಿಟಕಿಯಿಂದ ಕಾಣುತ್ತಿದೆ, ಇನ್ನು ಮುಗಿಸಬೇಕು. ಅಂಗಡಿಯ ಹೆಂಗಸಿಗೆ ನಾನು ಕೇಳಿದೆನೆಂದು ಹೇಳು, ಅವಳ ಮಗಳಿಗೆ ಲೆಕ್ಕ ಕಷ್ಟವಾದರೆ ಫೋನ್ ಮಾಡಲಿ. ಬಿಸಿನೀರಿನ ಶಾಖ ಬಿಡಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೈ ನನ್ನ ತಲೆಯ ಮೇಲೆ ಸದಾ ಇರಲಿ.

ನಿನ್ನ
ಬಾಲ

ಮರೆತೆ. ಮರೆತದ್ದಲ್ಲ, ಧೈರ್ಯ ಸಾಲದೆ ಇಲ್ಲಿಯವರೆಗೆ ಎಳೆದುಕೊಂಡು ಬಂದೆ. ಡ್ರೈವರ್ ಗೇಟಿನಲ್ಲೇ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಹೆಡ್ ಮೇಡಂ ಕೇಳಿದಾಗ ನನ್ನ ಬಾಯಿಂದ ಬಂದದ್ದು "ಇರ್ತೀನಿ". ಎರಡು ವರ್ಷ. ನಿನ್ನನ್ನು ಒಂದು ಮಾತು ಕೇಳದೆ ಹೇಳಿಬಿಟ್ಟೆ. ಬಯ್ಯುವುದಿದ್ದರೆ ಬಯ್ಯಿ. ಆದರೆ ಒಂದು ವಿಷಯ ಶುಕ್ರವಾರದಿಂದ ಕೊರೆಯುತ್ತಿದೆ. ನಿನ್ನ ಒಳ್ಳೆಯದಕ್ಕೇ ಕರೆಯುತ್ತಿದ್ದೇನೆ ಎನ್ನುತ್ತಿದ್ದೆಯಲ್ಲ, ನಿಜಕ್ಕೂ ನಿನಗೇ ನಾನು ಬೇಕಾಗಿತ್ತಾ? ಮೆಟ್ಟಿಲು ಹತ್ತಲು ಆಗುತ್ತಿಲ್ಲವಾ? ಒಬ್ಬಳೇ ಇರಲು ಭಯವಾಗುತ್ತಿದೆಯಾ? ಹಾಗಿದ್ದರೆ ನಾಳೆಯೇ ಹೋಗಿ ಮೇಡಂಗೆ ಕೊಟ್ಟ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ, ನನಗೆ ನಾಚಿಕೆಯಿಲ್ಲ. ಇದ್ದದ್ದು ಇದ್ದ ಹಾಗೆ ಬರೆ, ಫೋನ್ ಮಾಡಬೇಡ. "ಪರವಾಗಿಲ್ಲ ಬಿಡೇ" ಅಂತ ಮಾತ್ರ ಬರೆಯಬೇಡ ಅಕ್ಕಾ, ನಾನದನ್ನು ನಂಬುವುದಿಲ್ಲ.