ಅವ್ವನ ಮಾತು ನಿಂತ ಸುದ್ದಿ

ಬೆಟಗೇರಿ,
ಶನಿವಾರ, 7-6-2025

ಅವ್ವನ ಹಿರಿಯ ಮಗನವರಿಗೆ,

ನಮಸ್ಕಾರ. ಮದುವೆಯಾದಾಗಿನಿಂದ ನಿಮಗೆ ಬರೆದ ಕಾಗದಗಳೆಲ್ಲ ಬೇರೊಂದು ಸಂಬೋಧನೆಯಿಂದ ಶುರುವಾಗುತ್ತಿದ್ದವು. ಇವತ್ತೂ ಅದನ್ನೇ ಬರೆಯೋಣವೆಂದು ಪೆನ್ನು ಊರಿದೆ, ಬರಲಿಲ್ಲ. ಆರಾಮಾಗಿದ್ದೀರಿ ಎಂದುಕೊಂಡಿದ್ದೇನೆ. ಸೋಲಾಪುರದ ಬಿಸಿಲಿಗೆ ನಿಮ್ಮ ತಲೆನೋವು ಏರುತ್ತದೆ, ಬ್ಯಾಂಕಿಗೆ ಹೋಗುವಾಗ ಮಜ್ಜಿಗೆ ಕುಡಿದು ಹೋಗಿ. ಸಿಟ್ಟಿನಲ್ಲೂ ಬಿಡದ ಚಾಳಿ ಇದು. ಇನ್ನು ಅವ್ವನ ಆರೋಗ್ಯ. ಅವ್ವ ಇವತ್ತು ಬೆಳಿಗ್ಗೆ ರೊಟ್ಟಿ, ಪುಂಡಿಪಲ್ಯ ಉಂಡು, ಪಕ್ಕದ ಮನೆಯ ಗುಲಾಬಬಿಯ ಜೊತೆ ನಲ್ಲಿ ನೀರಿನ ಸಲುವಾಗಿ ಜಗಳ ತೆಗೆದು, ಅದರಲ್ಲಿ ಗೆದ್ದು, ಈಗ ಪಡಸಾಲೆಯಲ್ಲಿ ಮಲಗಿ ಗೊರಕೆ ಹೊಡೆಯುತ್ತಿದ್ದಾಳೆ. ಬಾಯಿ ನೆಟ್ಟಗಿದೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀವು ಎತ್ತಿದರೆ "ಮೀಟಿಂಗ್‌ನ್ಯಾಗ ಅದೀನಿ" ಎನ್ನುತ್ತೀರಿ, ಇಲ್ಲದಿದ್ದರೆ ಎತ್ತುವುದಿಲ್ಲ. ಕಾಗದಕ್ಕೆ ಮೀಟಿಂಗ್ ಇರುವುದಿಲ್ಲ. ಓದಲೇಬೇಕು.

ಮೇ ತಿಂಗಳ ಕೊನೆಯ ಆ ಬುಧವಾರ ನಾನು ಕಡಲಾಚೆ ಗೆಂಟ್ ಊರಿನ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದ್ದೆ. ಪ್ರಬಂಧದ ಕೊನೆಯ ಅಧ್ಯಾಯ ತಿದ್ದುತ್ತಿದ್ದೆ. ನಿಮ್ಮ ಫೋನ್ ಬಂತು. ಹೊರಗೆ ಮೆಟ್ಟಿಲ ಮೇಲೆ ನಿಂತು ಎತ್ತಿದೆ. "ಅವ್ವಗ ಲಕ್ವಾ ಹೊಡದೈತಿ. ಬಾಯಿ ಸೊಟ್ಟ ಆಗೇತಿ, ಮಾತ ಬರವಲ್ದು. ಜಲ್ದಿ ಹೊಂಟ ಬಾ" ಅಂದಿರಿ. ಫೋನ್ ಅವ್ವನ ಕಿವಿಗೆ ಹಿಡಿಯಿರಿ, ನಾನಾದರೂ ಒಂದು ಮಾತು ಹೇಳುತ್ತೇನೆ ಎಂದು ಬೇಡಿಕೊಂಡೆ. "ಆಕಿಗೆ ತ್ರಾಸ ಆಕ್ಕೈತಿ, ಬ್ಯಾಡ" ಅಂದಿರಿ. ನಿಮ್ಮ ದನಿ ನಡುಗುತ್ತಿತ್ತು. ಸುಳ್ಳು ಹೇಳಿ ಅಭ್ಯಾಸವಿಲ್ಲದವರ ನಡುಕ ಅದು ಎಂದು ಈಗ ಗೊತ್ತಾಗಿದೆ. ಅವತ್ತು ದುಃಖ ಎಂದುಕೊಂಡೆ.

ನಾನು ಆ ಊರಲ್ಲಿ ಹೇಗೆ ಓದಿದೆನೆಂದು ನೀವು ಒಂದು ದಿನವೂ ಕೇಳಲಿಲ್ಲ. ಊಟಾತ? ಥಂಡಿ ಐತೇನು? ಯಾವಾಗ ಮುಗೀತೈತಿ? ಇಷ್ಟೇ. ಈಗ ನಾನೇ ಹೇಳುತ್ತೇನೆ. ಮೊದಲ ದಿನ ತರಗತಿಗೆ ಹೋದಾಗ ಹುಡುಗರು ನನ್ನನ್ನು ಪಾಠ ಹೇಳಲು ಬಂದವಳೆಂದು ತಿಳಿದು ಮೇಜಿನ ಹಿಂದಿನ ಕುರ್ಚಿ ತೋರಿಸಿದರು. ನಲವತ್ತೇಳು ವರ್ಷದವಳು, ಇಪ್ಪತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಕಲಿಸಿದವಳು, ನಾನು ಬೆಂಚಿಗೆ ಹೋಗಿ ಕುಳಿತೆ. ಕಾಲು ಅಡಗಿಸಿಕೊಳ್ಳಲು ಜಾಗ ಸಾಲಲಿಲ್ಲ. ಡಿಸೆಂಬರಿನಲ್ಲಿ ಅಲ್ಲಿ ಚಹಾದ ಹೊತ್ತಿಗೇ ಕತ್ತಲಾಗುತ್ತದೆ. ನಮ್ಮ ಕುರ್ತಕೋಟಿ ಹೊಲದ ಬಿಸಿಲನ್ನು ಮೈಗೆ ಅಂಟಿಸಿಕೊಂಡು ಹೋದವಳಿಗೆ, ಆ ಜಿನುಗು ಮಳೆಯಲ್ಲಿ ಟ್ರಾಮಿಗೆ ಕಾಯುವಾಗ ಸೂರ್ಯ ಎನ್ನುವುದೇ ಒಂದು ಪುರಾಣದ ಮಾತು ಅನ್ನಿಸುತ್ತಿತ್ತು. ವಿದ್ಯಾರ್ಥಿಗಳ ಮನೆಯಲ್ಲಿ ಒಂದೇ ಅಡುಗೆಮನೆ. ಬೆಳಿಗ್ಗೆ ಎದ್ದು ನಾನು ರೊಟ್ಟಿ ಬಡಿದರೆ ಕೆಳಗಿನ ಮನೆಯ ಮುದುಕ ಮೇಲೆ ಬಂದು ಬಾಗಿಲು ತಟ್ಟಿದ. ಗೋಡೆ ಒಡೆಯುತ್ತಿದ್ದೇವೆ ಎಂದು ತಿಳಿದಿದ್ದನಂತೆ. ಬಿಸಿರೊಟ್ಟಿಗೆ ಬೆಣ್ಣೆ ಸವರಿ ಕೊಟ್ಟೆ. ಆಮೇಲೆ ರೊಟ್ಟಿ ಬಡಿಯದ ದಿನ ಯಾಕೆ ಸಪ್ಪಳವಿಲ್ಲ ಎಂದು ಕೇಳುತ್ತಿದ್ದ.

ಮೊದಲ ಬರಹ ಬರೆದು ಕೊಟ್ಟಾಗ ನನ್ನ ಗೈಡ್ ಲೀಸ್‌ಬೆತ್ (ನನಗಿಂತ ಹತ್ತು ವರ್ಷ ಚಿಕ್ಕವಳು) ಅದರ ಕೆಳಗೆ ಒಂದೇ ಸಾಲು ಬರೆದಿದ್ದಳು: ಇದರಲ್ಲಿ ಎಲ್ಲರ ಅಭಿಪ್ರಾಯವೂ ಇದೆ, ನಿಮ್ಮದು ಎಲ್ಲಿದೆ? ಲೇಯ್ ಹೊಳೆಯ ಸೇತುವೆಯ ಮೇಲೆ ನಿಂತು ಅತ್ತೆ. ಅವಮಾನಕ್ಕಲ್ಲ. ಅಷ್ಟು ವರ್ಷಗಳಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲವಲ್ಲ ಎಂದು. ಆ ಊರೂ ಒಂದು ಕಾಲದಲ್ಲಿ ನೇಕಾರರ ಊರು. ಈಗ ಅಲ್ಲಿ ಮಗ್ಗಗಳು ಗಾಜಿನ ಹಿಂದೆ ನಿಂತಿವೆ. ಅವುಗಳ ಮುಂದೆ ನಿಂತಾಗ ನಮ್ಮ ಓಣಿಯ ಮಗ್ಗದ ಸಪ್ಪಳ ಕಿವಿಯಲ್ಲಿ ಹೊಡೆಯುತ್ತಿತ್ತು. ಅಲ್ಲಿಯೇ ಅಂದುಕೊಂಡೆ, ಹೆಂಗಸರು ಗಂಡನ ಹೆಸರಿಗೆ ಪ್ರಾಸ ಕಟ್ಟಿ ಹೇಳುವ ನಮ್ಮ ಒಡಪುಗಳೂ ಹೀಗೆ ಗಾಜಿನ ಹಿಂದೆ ಹೋಗುವ ಮೊದಲು ನಾನೇ ಅವನ್ನು ಬೇರೊಂದು ಭಾಷೆಗೆ ದಾಟಿಸುತ್ತೇನೆ ಎಂದು.

ಆ ಒಡಪುಗಳನ್ನು ಕೊಟ್ಟವಳು ಯಾರು? ಅವ್ವ. ಪ್ರತಿ ರವಿವಾರ ಫೋನಿನಲ್ಲಿ "ಬರಕೊಳ್ಳವಾ, ಇನ್ನೊಂದ ನೆಪ್ಪಾತು" ಎಂದು ಶುರು ಮಾಡಿದರೆ ಊಟದ ಹೊತ್ತು ಮೀರುತ್ತಿತ್ತು. ಬಿಂಕದಕಟ್ಟಿಯ ತವರಿನವು, ಸೊರಟೂರಿನ ಅಕ್ಕನವು, ಗಂಡಸರ ಮುಂದೆ ಹೇಳಬಾರದವು ಕೂಡ. "ಇದನ್ನ ಆ ದ್ವಡ್ಡ ಸಾಲ್ಯಾಗ ಹೇಳಬ್ಯಾಡ ಮತ್ತ" ಎಂದು ನಗುತ್ತಿದ್ದಳು. ನಾನು ಹೇಳಿದೆ. ಎಲ್ಲರೂ ನಕ್ಕರು. ತರಗತಿಯಲ್ಲಿ ನಮ್ಮ ಪದ್ಧತಿ ವಿವರಿಸಿದೆ: ಹೆಂಡತಿ ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ, ಮದುವೆ, ನಿಶ್ಚಯಗಳಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಕೇಳಿದಾಗ ಪ್ರಾಸ ಕಟ್ಟಿ, ಕೊನೆಯಲ್ಲಿ ಹೆಸರು ಇಟ್ಟು ಹೇಳಬೇಕು, ಆಗಲೇ ಹಾದಿ ಬಿಡುವುದು ಎಂದು. ಪೋರ್ಚುಗಲ್ಲಿನ ಹುಡುಗಿಯೊಬ್ಬಳು ಕೇಳಿದಳು, ಹಾಗಾದರೆ ನಿಮ್ಮ ಗಂಡ ನಿಮ್ಮನ್ನು ಏನೆಂದು ಕರೆಯುತ್ತಾರೆ? ನಾನು ಹೇಳಲಿಲ್ಲ. "ಏ, ಕೇಳಿಲ್ಲೆ" ಎನ್ನುವುದಕ್ಕೆ ಅವರ ಭಾಷೆಯಲ್ಲಿ ಪದ ಸಿಗಲಿಲ್ಲ ಎಂದು ನಿಮ್ಮ ಮಾನ ಉಳಿಸಿದೆ. ಆ ಊರಲ್ಲಿ ದಿನಾ ನನ್ನ ಹೆಸರನ್ನು ಯಾರಾದರೂ ಮುರಿದು, ತಿರುಚಿ, ಆದರೂ ಪೂರ್ತಿಯಾಗಿ ಕರೆಯುತ್ತಿದ್ದರು.

ಅಂಥ ಅವ್ವನ ಬಾಯನ್ನು ನೀವು ಹೊಲಿದಿರಿ. ಜ್ವರ ಅನ್ನಬಹುದಿತ್ತು, ಬಿದ್ದು ಕಾಲು ಮುರಿದಳು ಅನ್ನಬಹುದಿತ್ತು. ಅಂದರೆ ನಾನು ಫೋನಿನಲ್ಲಿ ಮಾತಾಡಿಸಿಬಿಡುತ್ತಿದ್ದೆ. ಅದಕ್ಕೇ ಮಾತನ್ನೇ ತೆಗೆದುಬಿಟ್ಟಿರಿ. ವಿಮಾನದಲ್ಲಿ ಇಡೀ ದಾರಿ ಅವ್ವನ ಒಡಪುಗಳ ರೆಕಾರ್ಡಿಂಗ್ ಕೇಳುತ್ತ ಬಂದೆ. ಸತ್ತವರ ದನಿ ಕೇಳುವ ಹಾಗೆ ಕೇಳಿದೆ. ಇನ್ನು ಈ ದನಿ ಇಷ್ಟೇ, ಇಷ್ಟೇ ಉಳಿದದ್ದು ಎಂದು ಕೇಳಿದೆ. ಇದನ್ನು ಮಾತ್ರ ನಾನು ಸುಲಭಕ್ಕೆ ಮರೆಯಲಾರೆ.

ಹುಬ್ಬಳ್ಳಿಯಿಂದ ಮನೆಗೆ ಬಂದು ಓಡುತ್ತ ಒಳಗೆ ಹೋದರೆ ಅವ್ವ ಹಿತ್ತಲಲ್ಲಿ ಗುಲಾಬಬಿಯ ಜೊತೆ ಮೆಣಸಿನಕಾಯಿ ಕುಟ್ಟುತ್ತಿದ್ದಳು. ನನ್ನನ್ನು ನೋಡಿ ಒನಕೆ ಕೈಬಿಟ್ಟಳು. "ಪರೀಕ್ಷಾ ಮುಗೀತೇನ? ಹಿಂಗ ಹೇಳದ ಕೇಳದ ಬಂದಿ!" ನಾನು ಅವಳ ಬಾಯಿ, ಕೆನ್ನೆ ಮುಟ್ಟಿ ಮುಟ್ಟಿ ನೋಡಿದೆ, ಅಳುತ್ತ ಎಲ್ಲ ಹೇಳಿದೆ. "ಯಾರಿಗ ಲಕ್ವಾ? ನನಗ? ಯಾಂವ ಅಂದಾಂವ? ಆಕಿಗೆ ಪರೀಕ್ಷಾ ಅದಾವ, ಫೋನ್ ಮಾಡಬ್ಯಾಡ ಅಂತ ನನಗ ಬಾಯಿ ಮುಚ್ಚಿಸಿದ್ನಲ್ಲ ಹಾಟ್ಯಾ!" ಗುಲಾಬಬಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಅಯ್ಯ ಅಕ್ಕಾ, ನಿನಗ ಲಕ್ವಾ ಹೊಡದದ್ದು ನನಗರ ಒಂದ ಮಾತ ಹೇಳಬಾರ್ದೇನ? ಮಾತ ಬರಲಾರದಾಗನ ಇಷ್ಟ ಮಾತಾಡತಿ, ಬಂದಿದ್ರ ಓಣಿನ ಖಾಲಿ ಮಾಡಸ್ತಿದ್ದಿ." ಅವ್ವ ನಗಲಿಲ್ಲ. ಖಾರದ ಕೈಯನ್ನು ಸೆರಗಿಗೆ ಒರೆಸಿಕೊಂಡು ಒನಕೆ ಎತ್ತಿ ಮೂಲೆಗೆ ಇಟ್ಟಳು.

ಕಾರಣ ಆಮೇಲೆ ನಿಮ್ಮ ತಮ್ಮ ಚನ್ನಬಸವಣ್ಣನ ಬಾಯಿಂದ ತಿಳಿಯಿತು. ಅವನ ಮಗಳು ಅಂಕಿತಾಳ ನಿಶ್ಚಯಕ್ಕೆ ಲಕ್ಷ್ಮೇಶ್ವರದ ಬೀಗರು ದಿನ ಗೊತ್ತುಮಾಡಲು ಬಂದಾಗ, ವರನ ಅಜ್ಜಿ ಫಕ್ಕೀರವ್ವ "ಹಿರೇ ಸೊಸಿ ಎಲ್ಲ್ಯದಾರ? ಅವರು ಬರೂದಿಲ್ಲೇನು?" ಎಂದು ಕೇಳಿದರಂತೆ. ಅಷ್ಟಕ್ಕೇ ನಿಮಗೆ ಮೈಯೆಲ್ಲ ಉರಿ. ಬೀಗಿತಿಯ ಉಡಿ ತುಂಬಲು ಮನೆಯ ಹಿರಿಸೊಸೆ ಇಲ್ಲ, ಈ ವಯಸ್ಸಿನಲ್ಲಿ ಗಂಡನನ್ನು ಬಿಟ್ಟು ದೇಶ ತಿರುಗುತ್ತಾಳೆ ಎಂದು ಅವರು ಚುಚ್ಚಿದರು ಅಂತ ನೀವೇ ಅರ್ಥ ಮಾಡಿಕೊಂಡಿರಿ. ಹೀಗೆ ಕೇಳಿದ್ದಾರೆ, ಬರುತ್ತೀಯಾ ಎಂದು ನನ್ನನ್ನು ಒಂದು ಮಾತು ಕೇಳಿದ್ದರೆ! ಬರಲಾರೆ ಎನ್ನುತ್ತಿದ್ದೆ. ಅದು ನಿಮಗೂ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ.

ನಿಶ್ಚಯದ ದಿನ ಅವ್ವ ಕಣ್ಣಿನಲ್ಲೇ ನನಗೆ ಹೇಳಿದಳು, ಹುಡುಗಿಯ ಕಾರ್ಯ ಆಗಲಿ, ಸುಮ್ಮನಿರು ಎಂದು. ಇದ್ದೆ. ಫಕ್ಕೀರವ್ವನ ಉಡಿ ತುಂಬಿದೆ. ಅಕ್ಕಿ, ಕೊಬ್ಬರಿ, ಬೆಲ್ಲ ಹಾಕುತ್ತಿರುವಾಗ ಆ ಹಿರಿಯರು ನನ್ನ ಮುಂಗೈ ಹಿಡಿದು ಏನು ಕೇಳಿದರು ಗೊತ್ತೇ? "ಅಲ್ರೀ, ಓದೂದ ಅರ್ಧಕ್ಕ ಬಿಟ್ಟ ಯಾಕ ಬಂದ್ರಿ? ನಮ್ಮ ಮಮ್ಮಗಳು ಸುಶ್ಮಿತಾಗ ಆ ಕಡೆ ಕಲಿಯಾಕ ಹೋಗಬೇಕಂತ ಹಟಾ ಐತಿ. ಹೆಂಗ ಮಾಡಬೇಕಂತ ನಿಮ್ಮನ್ನ ಕೇಳೂಣಂತ ಅವತ್ತ ವಿಚಾರಿಸಿದ್ದೆ. ಫೋನ್‌ನ್ಯಾಗ ಕೇಳತಿದ್ವಲ್ಲ, ಇಷ್ಟಕ್ಕ ಓಡಿ ಬರತಾರೇನ್ರೀ ಯಾರರ?"

ನಿಮಗೆ ಇದು ಕೇಳಿಸಲಿಲ್ಲ, ನೀವು ಅಂಗಳದಲ್ಲಿ ಬೀಗರಿಗೆ ಎಲೆ ಅಡಿಕೆ ಕೊಡುತ್ತಿದ್ದಿರಿ. ಆಮೇಲೆ ಅದೇ ಫಕ್ಕೀರವ್ವ ಬಾಗಿಲಿಗೆ ಅಡ್ಡ ನಿಂತು "ಬಂದೀರಿ ಅಂದಮ್ಯಾಲ ಹೆಸರ ಹೇಳದ ಬಿಡಂಗಿಲ್ಲ" ಅಂದಾಗ, ನಮ್ಮ ಮದುವೆಯಲ್ಲಿ ಹೇಳಿದ ಒಡಪನ್ನೇ ಹೇಳಿದೆ. ಎಲ್ಲರೂ ಚಪ್ಪಾಳೆ ಹೊಡೆದರು. ಅಂಗಳದಿಂದ ನೀವು ಮೀಸೆಯಲ್ಲಿ ನಕ್ಕದ್ದು ಕಂಡಿತು. ಆ ನಗು ಈಗಲೂ ಕಣ್ಣಿಗೆ ಕಸದಂತೆ ಚುಚ್ಚುತ್ತಿದೆ.

ಮರುದಿನ ಬೆಳಿಗ್ಗೆ ಬೂಟು ಹಾಕಿಕೊಳ್ಳುತ್ತ ಹೇಳಿ ಹೋದಿರಿ: "ಹೆಂಗೂ ಬಂದಿ, ಇನ್ನ ಇದ್ದಬಿಡು. ಈ ವಯಸ್ಸಿನ್ಯಾಗ ಆ ಡಿಗ್ರಿ ತಗೊಂಡ ಏನ ಮಾಡ್ತಿ? ಅವರಿಗೊಂದು ಮೇಲ್ ಹಾಕು, ಆತು." ಅವ್ವನ ಹೆಸರಿನಲ್ಲಿ ಹೇಳಿದ ಸುಳ್ಳಿನ ಬಗ್ಗೆ ಒಂದು ಮಾತಿಲ್ಲ. ನಾನು ಬಾಯಿ ತೆಗೆದರೆ "ಈಗ್ಯಾಕ ಅದನ್ನ ತೆಗೀತಿ" ಅಂದಿರಿ. ಈಗಲ್ಲದಿದ್ದರೆ ಯಾವಾಗ ತೆಗೆಯಬೇಕಿತ್ತು? ಈ ತಿಂಗಳ ಹದಿನೇಳಕ್ಕೆ ನನ್ನ ಮೌಖಿಕ ಪರೀಕ್ಷೆ. ಅವತ್ತು ಅಲ್ಲಿ ಎದ್ದು ನಿಂತು ಉತ್ತರ ಕೊಡದಿದ್ದರೆ ಈ ವರ್ಷದ ಓದೆಲ್ಲ ನೀರಿನಲ್ಲಿ ಹೋಮ. ನೀವು ನನಗೆ ಹೊಡೆದವರಲ್ಲ, ಬೈದವರಲ್ಲ, ಊರಿಗೆಲ್ಲ ಒಳ್ಳೆಯವರು. ಒಳ್ಳೆಯವರು ಇಷ್ಟು ತಣ್ಣಗೆ ಒಬ್ಬಳ ವರ್ಷವನ್ನು ಮಡಚಿ ಜೇಬಿಗೆ ಇಟ್ಟುಕೊಂಡು ರೈಲು ಹತ್ತುತ್ತಾರಲ್ಲ, ಅದೇ ನನಗೆ ಸಹಿಸಲಾಗದ್ದು.

ರವಿವಾರ, ಮನೆಯ ಕಟ್ಟೆಯ ಮೇಲೆ

ಮೇಲಿನದು ನಿನ್ನೆ ಬರೆದದ್ದು. ಈಗ ಹೊರಗೆ ಕಟ್ಟೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ, ಪಕ್ಕದಲ್ಲಿ ಬ್ಯಾಗು. ಒಳಗೆ ಹೋಗುವ ಹಾಗಿಲ್ಲ, ಉಡಿ ತುಂಬಿಸಿಕೊಂಡು ಹೊಸ್ತಿಲು ದಾಟಿದವಳು ತಿರುಗಿ ಒಳಗೆ ಹೋಗಬಾರದಂತೆ. ಹುಬ್ಬಳ್ಳಿಗೆ ಒಯ್ಯುವ ಕಾರು ಬರುವುದರಲ್ಲಿದೆ. ಗೆಂಟಿನಿಂದ ಹೊರಡುವಾಗ ಲೀಸ್‌ಬೆತ್ ಹಟ ಹಿಡಿದು ತಿರುಗಿ ಬರುವ ಟಿಕೆಟ್ಟನ್ನೂ ತೆಗೆಸಿದ್ದಳು. ಯಾಕೋ ಎಂದುಕೊಂಡಿದ್ದೆ.

ಬೆಳಿಗ್ಗೆ ಅವ್ವ ನನ್ನನ್ನು ಮಣೆಯ ಮೇಲೆ ಕೂರಿಸಿದಳು. ತವರಿನಿಂದ ಮಗಳನ್ನು ಕಳಿಸುವ ಹಾಗೆ ಉಡಿ ತುಂಬಿದಳು. ಗುಲಾಬಬಿ ಶೇಂಗಾ ಚಟ್ನಿಯ ಡಬ್ಬಿ ತಂದಳು, ಆ ರೊಟ್ಟಿ ತಿನ್ನುವ ಮುದುಕನಿಗಂತೆ. ಎದ್ದು ಹೊರಟರೆ ಅವ್ವ ಬಾಗಿಲಿಗೆ ಎರಡೂ ಕೈ ಅಡ್ಡ ಇಟ್ಟು ನಿಂತಳು. "ಹೆಸರ ಹೇಳು, ಹಾದಿ ಬಿಡತೀನಿ." ಮದುವೆಯ ಹಳೆಯ ಒಡಪು ಹೇಳಲು ಬಾಯಿ ತೆರೆದೆ. "ಅದು ಬ್ಯಾಡ. ಹೊಟ್ಯಾಗ ಇದ್ದದ್ದ ಹೇಳು" ಅಂದಳು. ಹೇಳಿದೆ:

ಖಾರ ಕುಟ್ಟಾಕಿನ ಮಾರಿ ಕೆಂಪಗಾಗಿ,
ಆರಾಮಿದ್ದ ಅವ್ವನ್ನ ಮಾಡ್ಯಾರ ರೋಗಿ,
ಕಲಿಯಾಕ ಹ್ವಾದಾಕಿನ್ನ ಕರಸ್ಯಾರ ಕೂಗಿ,
ಹಾದಿ ಬಿಡ್ರಿ, ಹೆಸರ ಹೇಳತೀನಿ, ಅವರ ಶಿವಯೋಗಿ.

ಗುಲಾಬಬಿ ನೆಲಕ್ಕೆ ಕುಸಿದು ನಕ್ಕಳು. ಅವ್ವ ನಗುತ್ತ ನಗುತ್ತ ಕಣ್ಣೊರೆಸಿಕೊಂಡು ಕೈ ಕೆಳಗಿಳಿಸಿದಳು. "ಇದನ್ನೂ ಬರಕೊ. ಅಲ್ಲೆ ಹೇಳು. ಯಾರ ಕಟ್ಟಿದ್ದಂದ್ರ, ನಾನ ಕಟ್ಟಿದ್ದು ಅನ್ನು." ನನ್ನ ಪ್ರಬಂಧಕ್ಕೆ ಕೊನೆಯ ಪುಟ ಸಿಕ್ಕಿತು.

ಅಲ್ಲಿಂದ ತಿರುಗಿ ಬರುತ್ತೇನೆ, ಆದರೆ ಪರೀಕ್ಷೆ ಮುಗಿಸಿ, ನನ್ನ ಕಾಲ ಮೇಲೆ. ಬಂದಾಗ ನೀವು ನನ್ನನ್ನು ಏನೆಂದು ಕರೆಯುತ್ತೀರೋ ನೋಡುತ್ತೇನೆ. ಕಾರು ಓಣಿ ತಿರುಗಿತು. ಮಜ್ಜಿಗೆ ಕುಡಿಯಿರಿ.

ನೀಲಾಂಬಿಕಾ

ಮರೆತೆ: ಈ ಕಾಗದವನ್ನು ನಿಮ್ಮ ಕೈಗೆ ಕೊಟ್ಟವಳು ಅವ್ವ. ಚನ್ನಬಸವಣ್ಣ ನಾಳೆ ಅವಳನ್ನು ಸೋಲಾಪುರದ ಗಾಡಿಗೆ ಹತ್ತಿಸುತ್ತಾನೆ. ನೀವು ಇದನ್ನು ಓದುವಾಗ ಅವಳು ಎದುರಿಗೇ ನಿಂತಿರುತ್ತಾಳೆ, ಬಾಯಿ ಸೊಟ್ಟ ಮಾಡಿಕೊಂಡು. ಏನು ಕೇಳಿದರೂ ಉತ್ತರ ಬರುವುದಿಲ್ಲ, ಹೆದರಬೇಡಿ. ಮಗ ಹೇಳಿದ ಮಾತು ಸುಳ್ಳಾಗಬಾರದಂತೆ. ಹದಿನೇಳನೆಯ ತಾರೀಖು ನಾನು ಗೆಂಟಿನಿಂದ ಫೋನ್ ಮಾಡಿ "ಆತವ್ವ" ಅನ್ನುವವರೆಗೆ ಅವಳಿಗೆ ಮಾತು ಬರುವುದಿಲ್ಲ. ಚಹಾಕ್ಕೆ ಸಕ್ಕರೆ ಎಷ್ಟು ಎಂದು ನೀವೇ ತಿಳಿದುಕೊಳ್ಳಬೇಕು.