ಎರಡೂ ಎಡತೋಳು

ನವೆಂಬರ್ ೧೪, ಗುರುವಾರ

ಇವರ ಮೇಲಿನ ಅನುಮಾನ ಇವತ್ತೂ ಹೋಗಲಿಲ್ಲ. ಲಿಫ್ಟ್ ರಿಪೇರಿ ಮಾಡುವ ಗಂಡ, ಹನ್ನೊಂದು ವರ್ಷ ನನ್ನ ಮಾತಿಗೆಲ್ಲ ಬರೀ ‘ಹೂಂ’ ಅಂದವರು, ಭಾನುವಾರದ ವ್ಯಕ್ತಿತ್ವ ವಿಕಸನದ ಕ್ಲಾಸಿಗೆ ಸೇರಿದ ಮೇಲೆ ಮೊಬೈಲ್ ಬೋರಲಾಗಿಟ್ಟು ನನ್ನ ಮುಖ ನೋಡುತ್ತಾ ಕೂರುತ್ತಾರೆ. ಅಲ್ಲಿ ಕಲಿತದ್ದರಿಂದ ಗಿರಾಕಿಗಳು ಈಗ ಇವರೇ ಬರಲಿ ಅನ್ನುತ್ತಾರಂತೆ. ಅನ್ನಲಿ. ಮನೆಯಲ್ಲೇಕೆ ಈ ನಾಟಕ?

ಪರೀಕ್ಷೆ ಮಾಡೋಣವೆಂದು, ನಾನು ಕೆಲಸ ಮಾಡುವ ಟೈಲರ್ ಅಂಗಡಿಯಲ್ಲಿ ಇವತ್ತು ಆದದ್ದನ್ನು ಹೇಳಿಬಿಟ್ಟೆ. ಎರಡನೇ ತೋಳಿಗೆ ಬಟ್ಟೆ ಮಗುಚಿ ಹಾಕುವುದನ್ನು ಮರೆತು, ಕೋಟಿನ ತೋಳು ಎರಡನ್ನೂ ಎಡಗೈಗೇ ಕತ್ತರಿಸಿದ್ದೆ. ಇಷ್ಟು ವರ್ಷ ಕಟಿಂಗ್ ಮಾಡಿದವಳು! ಮೊದಲಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು.

“ತುಂಬ ಬೇಜಾರಾಗಿರ್ಬೇಕಲ್ವಾ ನಿಂಗೆ?” ಅಂದರು.

“ರೀ, ಇದನ್ನ ಯಾವ ವಾರ ಹೇಳ್ಕೊಟ್ರು?” ಅಂದೆ. ಪೆಚ್ಚಾಗಿ ಎದ್ದುಹೋದರು.

ಅವರು ಮಲಗಿದ ಮೇಲೆ ಕ್ಲಾಸಿನ ನೋಟ್‌ಬುಕ್ ತೆಗೆದೆ. ನಾನಂದುಕೊಂಡಂತೆಯೇ ಇತ್ತು: ‘ಹೆಂಡತಿ ಮಾತಾಡುವಾಗ ನಡುವೆ ಬಾಯಿ ಹಾಕಬಾರದು.’ ನಾನೇನು ಇವರ ಹೋಂವರ್ಕೇ? ಮೈಯೆಲ್ಲ ಉರಿಯಿತು. ಅದರ ಕೆಳಗೆ ಇವತ್ತಿನ ತಾರೀಖು ಹಾಕಿ ಪೆನ್ಸಿಲಿನಲ್ಲಿ ಬರೆದಿದ್ದರು: ‘ಮಾತಾಡುವಾಗ ಬಲಗೈ ಮಣಿಕಟ್ಟು ಒತ್ತಿಕೊಳ್ಳುತ್ತಿದ್ದಳು. ನೋವಿದೆಯೇನೋ. ಕೇಳಬೇಕು.’

ಆ ನೋವನ್ನು ನಾನು ಯಾರಿಗೂ ಹೇಳಿಲ್ಲ. ಕತ್ತರಿ ಹಿಡಿದಷ್ಟೂ ಏರುತ್ತಿತ್ತು. ಬೇಗ ಮುಗಿದರೆ ಸಾಕೆಂದು ಆತುರಪಟ್ಟೇ ತೋಳು ಕೆಟ್ಟದ್ದು.

ಇದೂ ಪಾಠವೇ ಇರಬಹುದು, ಯಾರಿಗೆ ಗೊತ್ತು. ನಾಳೆ ಕೇಳಿದರೆ ಮಾತ್ರ ‘ಏನೂ ಇಲ್ಲ’ ಅನ್ನಬಾರದು.